ಎಲ್ಮ್ ಮರ, ರಾಬಿನ್ ಹಕ್ಕಿ ಮತ್ತು ತೊಗಟೆಯುಳ್ಳ ದಿಮ್ಮಿ: 'ಸೈಲೆಂಟ್ ಸ್ಪ್ರಿಂಗ್' ಗ್ರಂಥದ ಎಂಟನೆಯ ಅಧ್ಯಾಯವನ್ನು ಕುರಿತು

ಕೆಲವು ಗ್ರಂಥಗಳನ್ನು ಅವುಗಳ ಕೀರ್ತಿಯೇ ಮರೆಮಾಡಿಬಿಡುತ್ತದೆ. ರೇಚಲ್ ಕಾರ್ಸನ್ ಅವರ 'ಸೈಲೆಂಟ್ ಸ್ಪ್ರಿಂಗ್' ಅಂತಹ ಒಂದು ಗ್ರಂಥ. 1962ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಪ್ರಕಟವಾದ ಈ ಕೃತಿಯನ್ನು ಕೈಯಲ್ಲಿ ಹಿಡಿಯದವರಿಗೂ ಅದರ ಸಾರಾಂಶ ಬಾಯಿಪಾಠವಾಗಿದೆ. ಡಿ.ಡಿ.ಟಿ. ಎಂಬ ವಿಷದಿಂದ ಹಕ್ಕಿಗಳು ಸತ್ತವು. ಒಬ್ಬ ಮಹಿಳೆ ಜಗತ್ತನ್ನು ಎಚ್ಚರಿಸಿದರು. ರಾಸಾಯನಿಕ ಉದ್ಯಮದವರು ಆಕೆಯನ್ನು ಹಳಿದರು. ಕೊನೆಗೆ 1972ರಲ್ಲಿ ಅಮೆರಿಕ ಸರ್ಕಾರ ಆ ವಿಷದ ಬಳಕೆಯನ್ನು ನಿಷೇಧಿಸಿತು. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಕೀಟ್ಸ್ ಕವಿಯ ಸಾಲೊಂದನ್ನು ತಲೆಬರಹವಾಗಿ ಹೊತ್ತ ಎಂಟನೆಯ ಅಧ್ಯಾಯವನ್ನು ನಿಧಾನವಾಗಿ ಓದಿದವರಿಗೆ ಬೇರೆಯೇ ಒಂದು ಪ್ರಶ್ನೆ ಎದುರಾಗುತ್ತದೆ. ಆ ವಿಷವನ್ನು ಊರ ಬೀದಿಗಳಲ್ಲಿ ಸಿಂಪಡಿಸಿದ್ದಾದರೂ ಏಕೆ? ಸಿಂಪಡಿಸಿದವರು ಹಕ್ಕಿಗಳ ವೈರಿಗಳಾಗಿರಲಿಲ್ಲ. ಅವರು ಹೊರಟಿದ್ದು ಮರಗಳನ್ನು ಉಳಿಸುವುದಕ್ಕೆ. ಈ ಅಂಶವನ್ನು ಮರೆತು ಅಧ್ಯಾಯವನ್ನು ಹೊಗಳುವವರು ಅದರ ಅರ್ಧವನ್ನು ಮಾತ್ರ ಓದಿದಂತಾಗುತ್ತದೆ.

ಆ ಮರದ ಹೆಸರು ಎಲ್ಮ್. ಕರ್ನಾಟಕದ ಬಯಲುಸೀಮೆಯಲ್ಲಿ ಕಾಣುವ ತಪಸಿ ಮರ ಇದೇ ಕುಟುಂಬಕ್ಕೆ ಸೇರಿದ್ದು. ಅಮೆರಿಕದ ಈಶಾನ್ಯ ಮತ್ತು ಮಧ್ಯಭಾಗದ ಊರುಗಳಲ್ಲಿ ಬೀದಿಯ ಎರಡೂ ಬದಿಗಳಿಗೆ ಸಾಲಾಗಿ ಎಲ್ಮ್ ನೆಡುವುದು ಸಂಪ್ರದಾಯವಾಗಿತ್ತು. ಕೊಂಬೆಗಳು ಮೇಲೆ ಕಮಾನಿನಂತೆ ಕೂಡಿಕೊಂಡು ಬೀದಿಗೆ ಚಪ್ಪರವಾಗುತ್ತಿದ್ದವು. ಒಂದೇ ಜಾತಿಯ ಮರವನ್ನು ಇಷ್ಟು ಒತ್ತಾಗಿ ನೆಟ್ಟಿದ್ದೇ ಮುಂದಿನ ವಿಪತ್ತಿಗೆ ಹಾದಿಯಾಯಿತು ಎಂಬುದನ್ನು ಕಾರ್ಸನ್ ಅವರೇ ಚಾರ್ಲ್ಸ್ ಎಲ್ಟನ್ ಎಂಬ ಜೀವಿವಿಜ್ಞಾನಿಯ ವಿಚಾರವನ್ನು ಆಧರಿಸಿ ಹೇಳುತ್ತಾರೆ.

ರೋಗದ ಕಾರಣ ಒಂದು ಶಿಲೀಂಧ್ರ. ಅದರ ವಾಹನ ತೊಗಟೆ ಕೊರೆಯುವ ಒಂದು ಪುಟ್ಟ ಜೀರುಂಡೆ. ಸಾಯುತ್ತಿರುವ ಅಥವಾ ಕಡಿದು ಬಿದ್ದ ಎಲ್ಮ್‌ನ ತೊಗಟೆಯ ಅಡಿಯಲ್ಲಿ ಜೀರುಂಡೆ ಮೊಟ್ಟೆಯಿಡುತ್ತದೆ. ಅಲ್ಲಿ ಬೆಳೆದು ಹೊರಬಿದ್ದ ಹೊಸ ಜೀರುಂಡೆಗಳು ಮೈಗೆ ಅಂಟಿದ ಬೀಜಕಣಗಳೊಡನೆ ಆರೋಗ್ಯವಂತ ಮರಕ್ಕೆ ಹಾರಿ ಎಳೆಯ ರೆಂಬೆಗಳ ಸಂದುಗಳನ್ನು ಕಚ್ಚುತ್ತವೆ. ಬೀಜಕಣಗಳು ಮರದ ನೀರ್ನಾಳಗಳನ್ನು ಹೊಕ್ಕು ಹರಡುತ್ತವೆ. ಮರ ತನ್ನನ್ನು ಕಾಪಾಡಿಕೊಳ್ಳಲು ಆ ನಾಳಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ನೀರಿಲ್ಲದೆ ಎಲೆಗಳು ಬಾಡುತ್ತವೆ. ಅಕ್ಕಪಕ್ಕದ ಮರಗಳ ಬೇರುಗಳು ನೆಲದೊಳಗೆ ಒಂದಕ್ಕೊಂದು ಬೆಸೆದುಕೊಂಡಿದ್ದರೆ ಜೀರುಂಡೆಯ ನೆರವೂ ಬೇಕಾಗುವುದಿಲ್ಲ.

ಇದಕ್ಕೆ 'ಡಚ್ ಎಲ್ಮ್ ರೋಗ' ಎಂಬ ಹೆಸರು ಬಂದದ್ದು ಒಂದು ಅನ್ಯಾಯವೇ ಸರಿ. ಹಾಲೆಂಡ್ ಆ ರೋಗದ ತವರಲ್ಲ. ಅದರ ಕಾರಣವನ್ನು ಹುಡುಕಿಕೊಟ್ಟ ದೇಶ. ಮೊದಲನೆಯ ಮಹಾಯುದ್ಧದ ಕೊನೆಯಲ್ಲಿ ವಾಯವ್ಯ ಯೂರೋಪಿನ ಎಲ್ಮ್‌ಗಳು ಒಣಗತೊಡಗಿದಾಗ ಯುದ್ಧದಲ್ಲಿ ಬಳಸಿದ ವಿಷಾನಿಲವೇ ಕಾರಣವೆಂದು ಊಹಿಸಿದವರಿದ್ದರು. ಯೋಹಾನ್ನಾ ವೆಸ್ಟರ್ಡೈಕ್ ಅವರ ಪ್ರಯೋಗಾಲಯದಲ್ಲಿ ಬೇಯಾ ಶ್ವಾರ್ಟ್ಸ್ 1920ರ ದಶಕದ ಆರಂಭದಲ್ಲಿ ಶಿಲೀಂಧ್ರವನ್ನು ಬೇರ್ಪಡಿಸಿದರು. ಹಲವರು ನಂಬಲಿಲ್ಲ. ಆಮೇಲೆ ಕ್ರಿಸ್ಟೀನ್ ಬಾಯ್ಸ್‌ಮನ್ ಪ್ರಯೋಗಗಳಿಂದ ಅದನ್ನು ಸಂದೇಹಕ್ಕೆ ಎಡೆಯಿಲ್ಲದಂತೆ ಸ್ಥಾಪಿಸಿದರು. ಮೂವರೂ ಮಹಿಳೆಯರು. ಕಾರ್ಸನ್ ಅವರ ಗ್ರಂಥಕ್ಕೆ ನಾಲ್ಕು ದಶಕ ಮೊದಲೇ ಈ ಮರದ ಕಥೆಯಲ್ಲಿ ಮಹಿಳೆಯರ ಮಾತನ್ನು ಸಂಶಯದಿಂದ ಕೇಳಿಸಿಕೊಳ್ಳುವ ಪರಿಪಾಠ ಬೆಳೆದಿತ್ತು ಎನ್ನಬಹುದು.

ಇನ್ನು ಅಧ್ಯಾಯದ ಪ್ರವೇಶ. ಇಲಿನಾಯ್ ರಾಜ್ಯದ ಹಿನ್ಸ್‌ಡೇಲ್ ಎಂಬ ಊರಿನ ಗೃಹಿಣಿಯೊಬ್ಬರು ಪ್ರಸಿದ್ಧ ಪಕ್ಷಿತಜ್ಞ ರಾಬರ್ಟ್ ಕುಶ್‌ಮನ್ ಮರ್ಫಿ ಅವರಿಗೆ 1958ರಲ್ಲಿ ಬರೆದ ಕಾಗದದಿಂದ ಅದು ತೊಡಗುತ್ತದೆ. ತಮ್ಮ ಊರಿನ ಎಲ್ಮ್‌ಗಳಿಗೆ ಹಲವು ವರ್ಷಗಳಿಂದ ಡಿ.ಡಿ.ಟಿ. ಸಿಂಪಡಿಸಲಾಗುತ್ತಿದೆ, ರಾಬಿನ್ ಹಕ್ಕಿಗಳು ಇಲ್ಲವಾಗಿವೆ, ಮಕ್ಕಳಿಗೆ ಏನೆಂದು ವಿವರಿಸಲಿ ಎಂಬುದು ಆಕೆಯ ಅಳಲು. ಇಲ್ಲಿಂದ ಕಾರ್ಸನ್ ಮಿಷಿಗನ್ ರಾಜ್ಯದ ಈಸ್ಟ್ ಲ್ಯಾನ್ಸಿಂಗ್‌ಗೆ ಓದುಗರನ್ನು ಕರೆದೊಯ್ಯುತ್ತಾರೆ. ಅಲ್ಲಿಯ ವಿಶ್ವವಿದ್ಯಾನಿಲಯದ ಆವರಣದಲ್ಲಿ 1954ರಲ್ಲಿ ಸಿಂಪಡಣೆ ಸಣ್ಣ ಪ್ರಮಾಣದಲ್ಲಿ ಆರಂಭವಾಯಿತು. ಅದೇ ವರ್ಷ ಪ್ರಾಧ್ಯಾಪಕ ಜಾರ್ಜ್ ವಾಲೆಸ್ ಅವರ ಶಿಷ್ಯರೊಬ್ಬರು ರಾಬಿನ್ ಹಕ್ಕಿಗಳನ್ನು ಅಭ್ಯಾಸ ಮಾಡಲು ತೊಡಗಿದ್ದು ಕೇವಲ ಆಕಸ್ಮಿಕ. ಮುಂದಿನ ವಸಂತಗಳಲ್ಲಿ ಆವರಣಕ್ಕೆ ಬಂದ ಹಕ್ಕಿಗಳು ನಡುಗಿ, ಸೆಟೆದು ಸತ್ತವು. ಅವುಗಳ ಜಾಗಕ್ಕೆ ಬಂದ ಹಕ್ಕಿಗಳೂ ಸತ್ತವು. 1958ರಲ್ಲಿ ವಾಲೆಸ್ ಮುಖ್ಯ ಆವರಣವನ್ನೆಲ್ಲ ಹುಡುಕಿದರೂ ಗೂಡು ಬಿಟ್ಟು ಹಾರಿದ ಒಂದು ಮರಿಯೂ ಕಾಣಲಿಲ್ಲ.

ಮರದ ಮೇಲೆ ಬಿದ್ದ ವಿಷ ಹಕ್ಕಿಯ ಹೊಟ್ಟೆ ಸೇರಿದ್ದು ಹೇಗೆ? ಅಧ್ಯಾಯದ ಅತ್ಯಂತ ಸಮರ್ಥ ಪುಟಗಳು ಇವು. ಐವತ್ತು ಅಡಿ ಎತ್ತರದ ಒಂದು ಮರಕ್ಕೆ 2ರಿಂದ 5 ಪೌಂಡು ಡಿ.ಡಿ.ಟಿ.; ಮರಗಳು ಒತ್ತಾಗಿರುವ ಕಡೆ ಎಕರೆಗೆ 23 ಪೌಂಡಿನವರೆಗೆ. ಎಲೆ, ತೊಗಟೆಗಳ ಮೇಲೆ ಅದು ಮಳೆಗೂ ಜಗ್ಗದ ಪೊರೆಯಾಗಿ ನಿಲ್ಲುತ್ತದೆ. ಶರತ್ಕಾಲದಲ್ಲಿ ಎಲೆ ಉದುರುತ್ತದೆ. ಎರೆಹುಳುಗಳು ಅದನ್ನು ತಿನ್ನುತ್ತವೆ. ಕೆಲವು ಸಾಯುತ್ತವೆ, ಉಳಿದವು ವಿಷವನ್ನು ಮೈಯಲ್ಲಿ ಸಂಗ್ರಹಿಸಿಕೊಳ್ಳುತ್ತವೆ. ವಸಂತದಲ್ಲಿ ರಾಬಿನ್ ಬರುತ್ತದೆ. ಹನ್ನೊಂದು ದೊಡ್ಡ ಎರೆಹುಳುಗಳಲ್ಲಿರುವ ವಿಷ ಒಂದು ಹಕ್ಕಿಯನ್ನು ಕೊಲ್ಲಲು ಸಾಕು. ಅಷ್ಟು ಹುಳುಗಳನ್ನು ಆ ಹಕ್ಕಿ ಅಷ್ಟೇ ನಿಮಿಷಗಳಲ್ಲಿ ತಿಂದುಬಿಡುತ್ತದೆ. ಈ ಸರಪಳಿಯನ್ನು ಪೂರ್ತಿಯಾಗಿ ಗುರುತಿಸಿ 1958ರಲ್ಲಿ ಪ್ರಕಟಿಸಿದವರು ಇಲಿನಾಯ್ ರಾಜ್ಯದ ಪ್ರಕೃತಿ ಸಮೀಕ್ಷೆಯ ರಾಯ್ ಬಾರ್ಕರ್. ಏಕೇಂದ್ರಿಯ ವೃಕ್ಷಕ್ಕೆ ಎಸಗಿದ ಉಪಚಾರ ದ್ವೀಂದ್ರಿಯ ಕ್ರಿಮಿಯ ಮೂಲಕ ಪಂಚೇಂದ್ರಿಯ ಪಕ್ಷಿಯ ಪ್ರಾಣಕ್ಕೆ ಮುಟ್ಟಿತು. ಜೀವವನ್ನು ಇಂದ್ರಿಯಗಳ ಲೆಕ್ಕದಲ್ಲಿ ಎಣಿಸಿ ಬಲ್ಲ ಶ್ರಾವಕರಿಗೆ ಈ ಪುಟಗಳನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಇಲ್ಲಿ ಒಂದು ತಪ್ಪು ಗ್ರಹಿಕೆಯನ್ನು ತಿದ್ದುವುದು ಅವಶ್ಯ. ಈ ಗ್ರಂಥವನ್ನು ಸರ್ಕಾರೀ ವಿಜ್ಞಾನದ ವಿರುದ್ಧ ಒಬ್ಬಂಟಿ ಲೇಖಕಿಯ ಬಂಡಾಯವೆಂದು ವರ್ಣಿಸುವುದು ವಾಡಿಕೆ. ಕಾರ್ಸನ್ ಸ್ವತಃ 1936ರಿಂದ 1952ರವರೆಗೆ ಸರ್ಕಾರದ ಮೀನುಗಾರಿಕೆ ಮತ್ತು ವನ್ಯಜೀವಿ ಇಲಾಖೆಯಲ್ಲಿ ಸಂಬಳಕ್ಕೆ ದುಡಿದವರು. ಎಂಟನೆಯ ಅಧ್ಯಾಯದ ಸಾಕ್ಷಿಗಳಲ್ಲಿ ಬಹುಪಾಲು ಜನ ಸಾರ್ವಜನಿಕ ಹಣದಿಂದ ನಡೆದ ಸಂಸ್ಥೆಗಳವರು. ವಾಲೆಸ್ ರಾಜ್ಯ ವಿಶ್ವವಿದ್ಯಾನಿಲಯದವರು, ಬಾರ್ಕರ್ ರಾಜ್ಯ ಸಮೀಕ್ಷೆಯವರು. ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಜೋಸೆಫ್ ಹಿಕಿ ಮೊದಲು ವಾಲೆಸ್ ಅವರ ಮಾತನ್ನು ಅಷ್ಟಾಗಿ ನಂಬಿದವರಲ್ಲ. ಸಿಂಪಡಿಸಿದ ಊರನ್ನೂ ಸಿಂಪಡಿಸದ ಊರನ್ನೂ ಹೋಲಿಸಿ ಎಣಿಸಿದ ಮೇಲೆ, ಸಿಂಪಡಿಸಿದ ಕಡೆ ರಾಬಿನ್‌ಗಳ ಸಾವು ಕನಿಷ್ಠ ಶೇಕಡಾ 86ರಿಂದ 88 ಎಂಬ ನಿರ್ಣಯಕ್ಕೆ ಬಂದವರು. ಆದುದರಿಂದ ನಡೆದದ್ದು ಸಾರ್ವಜನಿಕ ವಿಜ್ಞಾನದ ಒಂದು ಕೈಗೂ ಇನ್ನೊಂದು ಕೈಗೂ ನಡುವಿನ ವಿವಾದ. ಒಂದು ಕೈ ವಿಷವನ್ನು ಶಿಫಾರಸು ಮಾಡಿತು, ಇನ್ನೊಂದು ಕೈ ಸತ್ತ ಹಕ್ಕಿಗಳನ್ನು ಎಣಿಸಿತು. ಮೊದಲನೆಯ ಕೈಯ ಹಿಂದೆ ಯಂತ್ರ, ಗುತ್ತಿಗೆದಾರ, ರಾಸಾಯನಿಕದ ಮಾರಾಟಗಾರ ಇದ್ದರು. ಎರಡನೆಯದರ ಬಳಿ ಇದ್ದದ್ದು ಒಂದು ಟಿಪ್ಪಣಿ ಪುಸ್ತಕ. ಪುರಸಭೆಗಳು ಯಾವ ಕೈಯ ಮಾತನ್ನು ಮೊದಲು ಕೇಳಿದವು ಎಂಬುದನ್ನು ಹೇಳಬೇಕಾಗಿಲ್ಲ. ಎಣಿಸುವವರು ಇಲ್ಲದಿದ್ದರೆ ಕಾರ್ಸನ್ ಅವರ ಲೇಖನಿಗೆ ಆಧಾರವೇ ಇರುತ್ತಿರಲಿಲ್ಲ.

ಗ್ರಂಥ ಬಂದ ಮೇಲಿನ ಗದ್ದಲ ಎಲ್ಲರಿಗೂ ಗೊತ್ತಿರುವಂಥದು. ಅಧ್ಯಕ್ಷ ಕೆನಡಿಯವರ ವಿಜ್ಞಾನ ಸಲಹಾ ಸಮಿತಿ 1963ರ ಮೇ ತಿಂಗಳಿನಲ್ಲಿ ನೀಡಿದ ವರದಿ ಮುಖ್ಯಾಂಶಗಳಲ್ಲಿ ಕಾರ್ಸನ್ ಅವರನ್ನು ಎತ್ತಿಹಿಡಿಯಿತು. 1964ರ ಏಪ್ರಿಲಿನಲ್ಲಿ ಅವರು ಕ್ಯಾನ್ಸರಿನಿಂದ ತೀರಿಕೊಂಡರು. ಆಮೇಲಿನ ನ್ಯಾಯಾಂಗ ಹೋರಾಟಕ್ಕೂ ಎಲ್ಮ್ ಮರವೇ ನಿಮಿತ್ತವಾಯಿತು ಎಂಬುದು ಮಾತ್ರ ಅಷ್ಟಾಗಿ ತಿಳಿದಿಲ್ಲ. ವಿಸ್ಕಾನ್ಸಿನ್ ರಾಜ್ಯದ ಬೇಸೈಡ್‌ನಲ್ಲಿ ಲಾರಿ ಓಟೊ ಎಂಬ ಗೃಹಿಣಿ ತಮ್ಮ ಬೀದಿಯಲ್ಲಿ ಸತ್ತ ರಾಬಿನ್‌ಗಳನ್ನು ಎತ್ತಿಕೊಂಡು ಊರಿನ ಆಡಳಿತಾಧಿಕಾರಿಯ ಕಚೇರಿಗೆ ಹೋದರು. ಇಂತಹವರ ಒತ್ತಾಯದಿಂದಲೇ 1968ರ ಡಿಸೆಂಬರಿನಲ್ಲಿ ಮ್ಯಾಡಿಸನ್ ನಗರದಲ್ಲಿ ಡಿ.ಡಿ.ಟಿ. ಕುರಿತ ಸಾರ್ವಜನಿಕ ವಿಚಾರಣೆ ಆರಂಭವಾಯಿತು.

ಈಗ ಅಧ್ಯಾಯದ ಮರೆತುಹೋದ ಅರ್ಧಕ್ಕೆ ಬರಬಹುದು. ಹಕ್ಕಿಗಳ ಸಾವನ್ನು ಹೇಳಿ ಮುಗಿಸಿದ ಕಾರ್ಸನ್ ಇನ್ನೊಂದು ಪ್ರಶ್ನೆ ಎತ್ತುತ್ತಾರೆ. ಹೋಗಲಿ, ಮರಗಳಾದರೂ ಉಳಿದವೆ? ಇಲಿನಾಯ್ ವಿಶ್ವವಿದ್ಯಾನಿಲಯದ ಆವರಣದಲ್ಲಿ ಆರು ವರ್ಷ ಸಿಂಪಡಿಸಿದರೂ 1959ರ ಹೊತ್ತಿಗೆ ಶೇಕಡಾ 86ರಷ್ಟು ಎಲ್ಮ್‌ಗಳು ಹೋಗಿದ್ದವು. ಅವುಗಳಲ್ಲಿ ಅರ್ಧ ಈ ರೋಗಕ್ಕೆ ಬಲಿ. ಟೊಲಿಡೊ ನಗರದ ವೃಕ್ಷ ವಿಭಾಗದ ಮೇಲ್ವಿಚಾರಕರು ತಮ್ಮ ಅನುಭವದಿಂದ ಕಂಡುಕೊಂಡದ್ದು, ರೋಗದ ಮರಗಳನ್ನು ಬೇಗ ತೆಗೆದುಹಾಕಿದ ಕಡೆ ಮಾತ್ರ ರೋಗ ಹತೋಟಿಗೆ ಬಂದಿತೆಂಬುದನ್ನು. ಎಲ್ಲಕ್ಕಿಂತ ಸ್ಪಷ್ಟವಾದ ಉದಾಹರಣೆ ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್. 1951ರಿಂದ 1956ರವರೆಗೆ ಅಲ್ಲಿ ಸುಮಾರು 3,000 ಎಲ್ಮ್‌ಗಳು ಸತ್ತವು. 1957ರಲ್ಲಿ ಅರಣ್ಯ ಕಾಲೇಜಿನ ಹೊವರ್ಡ್ ಮಿಲ್ಲರ್ ಅವರ ನೇತೃತ್ವದಲ್ಲಿ ರೋಗದ ಮರಗಳನ್ನೂ, ಜೀರುಂಡೆ ಮರಿ ಮಾಡಬಹುದಾದ ಎಲ್ಮ್ ಸೌದೆಯನ್ನೂ ಹುಡುಕಿ ಹುಡುಕಿ ತೆಗೆದು ಸುಡುವ ಕಾರ್ಯ ಕೈಗೊಂಡ ಮೇಲೆ ವಾರ್ಷಿಕ ನಷ್ಟ ಶೇಕಡಾ ಒಂದಕ್ಕಿಂತ ಬಹಳ ಕೆಳಗಿಳಿಯಿತು. ಇದಕ್ಕೆ ನೈರ್ಮಲ್ಯ ಕ್ರಮ ಎಂದು ಹೆಸರು. ರೋಗವನ್ನು ಕೊಲ್ಲುವುದಕ್ಕಿಂತ ರೋಗದ ತೊಟ್ಟಿಲನ್ನು ತೆಗೆಯುವುದು ಅದರ ತತ್ತ್ವ.

ಕಾರ್ಸನ್ ಹೇಳಿದ್ದು ಸರಿ. ಆದರೆ ಹೇಳಿದ ರೀತಿಯಲ್ಲಿ ಒಂದು ಕೊರತೆಯಿದೆ. ವಿಮರ್ಶೆಯ ಕರ್ತವ್ಯವೂ ಅಲ್ಲಿಯೇ ಇದೆ. ಓದುಗರಿಗೆ ಆ ಪುಟಗಳಿಂದ ಮೂಡುವ ಭಾವನೆ, ವಿಷದ ದಾರಿ ಬಿಟ್ಟರೆ ಎದುರಿಗೆ ಸುಗಮವಾದ ಇನ್ನೊಂದು ದಾರಿ ಸಿದ್ಧವಾಗಿದೆ ಎಂಬುದು. ವಾಸ್ತವ ಹಾಗಿಲ್ಲ. ರೋಗ ತಗುಲಿದ ಎಲ್ಮ್‌ನ ಒಂದು ಕೊಂಬೆ ಬಾಡಿದಾಗ ಉಳಿದ ಕೊಂಬೆಗಳು ಹಚ್ಚಹಸಿರಾಗಿರುತ್ತವೆ. ಆ ಮರ ಯಾರದೋ ಮನೆಯ ಅಂಗಳದಲ್ಲಿ ಅಜ್ಜನ ಕಾಲದಿಂದ ನಿಂತಿರುತ್ತದೆ. ಪುರಸಭೆಯ ಆಳು ಬಂದು ಕಡಿಯಬೇಕೆನ್ನುತ್ತಾನೆ. ಮನೆಯವರು ಇನ್ನೊಂದು ವರ್ಷ ನೋಡೋಣವೆನ್ನುತ್ತಾರೆ. ಆ ಒಂದು ವರ್ಷದಲ್ಲಿ ತೊಗಟೆಯಡಿಯ ಜೀರುಂಡೆಗಳು ಬೀದಿಯ ಉಳಿದ ಮರಗಳನ್ನು ಮುಟ್ಟುತ್ತವೆ. ಪರರ ಅಂಗಳವನ್ನು ಪ್ರವೇಶಿಸಿ ಹಸಿರು ಮರವನ್ನು ಕಡಿಯುವ ಅಧಿಕಾರ ಯಾರಿಗೆ, ಯಾವ ಪ್ರಮಾಣದ ಸಾಕ್ಷ್ಯದ ಮೇಲೆ, ಯಾವ ಪರಿಹಾರದೊಡನೆ ಇರಬೇಕು? ವಿಷ ಸಿಂಪಡಿಸಲು ನಿರ್ಧರಿಸಿದವರು ಯಾರು ಎಂದು ಅಧ್ಯಾಯದ ಕೊನೆಯಲ್ಲಿ ಅಷ್ಟು ತೀಕ್ಷ್ಣವಾಗಿ ಕೇಳುವ ಕಾರ್ಸನ್ ಈ ನಿರ್ಧಾರದ ಬಗ್ಗೆ ಅದೇ ಪ್ರಶ್ನೆಯನ್ನು ಕೇಳುವುದಿಲ್ಲ.

ಹಸಿರು ಮರವನ್ನು ಕಡಿಯುವುದು ಹಿಂಸೆಯಲ್ಲವೆ ಎಂದು ಜೈನ ಓದುಗರು ಕೇಳಿದರೆ, ಹೌದು, ಹಿಂಸೆಯೇ. ಅದಕ್ಕೆ ಅಹಿಂಸೆಯ ಹೆಸರು ಕೊಡುವುದು ಪ್ರಾಮಾಣಿಕತೆಯಲ್ಲ. ಆದರೆ ಹಿಂಸೆಯ ಮೂಲವನ್ನು ಪ್ರಮಾದದಲ್ಲಿ, ಅಂದರೆ ಅಜಾಗರೂಕತೆಯಲ್ಲಿ ಗುರುತಿಸಿದ ಪರಂಪರೆಗೆ ಇನ್ನೊಂದು ಮುಖವೂ ತಿಳಿದಿದೆ. ಕೊಡಲಿ ಎತ್ತದೆ ಕೈಕಟ್ಟಿ ಕುಳಿತು ಬೀದಿಯ ನೂರು ಮರಗಳನ್ನು ಸಾಯಗೊಟ್ಟವನ ಖಾತೆಯೂ ಬರಿದಾಗಿರುವುದಿಲ್ಲ. ಎರಡು ಹಿಂಸೆಗಳ ನಡುವೆ ಯಾವುದು ಅಲ್ಪ ಎಂದು ತೂಗಿ ನೋಡುವ ಕಷ್ಟದಿಂದ ಗೃಹಸ್ಥನಿಗೆ ಬಿಡುಗಡೆಯಿಲ್ಲ. ಊರಿನ ಆಡಳಿತಕ್ಕಂತೂ ಇಲ್ಲವೇ ಇಲ್ಲ.

ಇನ್ನೊಂದು ಕೊರತೆ ಜಮಾಖರ್ಚಿಗೆ ಸಂಬಂಧಿಸಿದ್ದು. ಸಿಂಪಡಣೆ ಕಣ್ಣಿಗೆ ಕಾಣುವ ಕೆಲಸ. ಯಂತ್ರ ಬೀದಿಯಲ್ಲಿ ಸದ್ದು ಮಾಡುತ್ತ ಹೋಗುತ್ತದೆ, ತೆರಿಗೆ ಕೊಟ್ಟವರು ಕಿಟಕಿಯಿಂದ ನೋಡುತ್ತಾರೆ. ನೈರ್ಮಲ್ಯ ಕ್ರಮದ ಫಲ ಒಂದು ಅಭಾವ: ರೋಗ ಬಾರದೆ ಇದ್ದ ಮರ. ಬಾರದೆ ಹೋದ ನಷ್ಟವನ್ನು ಬರೆಯಲು ಯಾವ ಲೆಕ್ಕದ ಪುಸ್ತಕದಲ್ಲಿಯೂ ಅಂಕಣವಿಲ್ಲ. ಕ್ರಮ ಯಶಸ್ವಿಯಾದಷ್ಟೂ ಅದಕ್ಕೆ ಹಣ ಏಕೆ ಎಂಬ ಪ್ರಶ್ನೆ ಬಲವಾಗುತ್ತದೆ. ಸಿರಕ್ಯೂಸ್ ನಗರದಲ್ಲಿ ಆದದ್ದು ಅದೇ. 1960ರ ದಶಕದಲ್ಲಿ ಕಾರ್ಯ ಸಡಿಲಗೊಂಡಿತು, ರೋಗ ಉಲ್ಬಣಿಸಿತು, ಎಲ್ಮ್ ಸಾಲುಗಳು ಹೋದವು. ಇದನ್ನು ಕಾರ್ಸನ್ ಕಾಣಲಿಲ್ಲ. ಆ ಕಾರಣಕ್ಕೆ ಅವರನ್ನು ದೂಷಿಸುವುದೂ ನ್ಯಾಯವಲ್ಲ. ಆದರೆ ಅವರ ಅತಿ ದೃಢವಾದ ಉದಾಹರಣೆಯೇ ಮುಂದೆ ಕುಸಿದದ್ದನ್ನು ಇಂದು ಗ್ರಂಥವನ್ನು ಹೊಗಳುವವರು ಹೇಳದೆ ಬಿಡುವುದು ನ್ಯಾಯವಲ್ಲ. ಕುಸಿದದ್ದು ವಿಧಾನವಲ್ಲ, ಅದನ್ನು ವರ್ಷ ವರ್ಷವೂ ನಡೆಸುವ ಸಂಕಲ್ಪ. ಹಾಲೆಂಡಿನ ಆಮ್‌ಸ್ಟರ್‌ಡ್ಯಾಮ್, ಕೆನಡಾದ ವಿನಿಪೆಗ್, ಇಂಗ್ಲೆಂಡಿನ ಬ್ರೈಟನ್ ಈ ಬೇಸರದ ಕೆಲಸವನ್ನು ಬಿಡದೆ ನಡೆಸಿದ ನಗರಗಳು. ಅಲ್ಲಿ ಇಂದಿಗೂ ಸಾವಿರಾರು ಎಲ್ಮ್‌ಗಳು ನಿಂತಿವೆ.

ಗ್ರಂಥಕರ್ತೆಯ ಮೂರನೆಯ ಲೋಪ, ವ್ಯಾಪಾರಿ ಕುಟುಂಬಗಳ ದೃಷ್ಟಿಯಿಂದ, ಎಲ್ಲಕ್ಕಿಂತ ದೊಡ್ಡದು. ಈ ರೋಗ ಅಮೆರಿಕಕ್ಕೆ ಬಂದದ್ದು ಹೇಗೆ? ಸುಮಾರು 1930ರಲ್ಲಿ, ವಿನೀರ್ ಉದ್ಯಮಕ್ಕಾಗಿ ಯೂರೋಪಿನಿಂದ ತರಿಸಿದ ಎಲ್ಮ್ ದಿಮ್ಮಿಗಳಲ್ಲಿ. ಕಾರ್ಸನ್ ಇದನ್ನು ಒಂದು ವಾಕ್ಯದಲ್ಲಿ ಹೇಳಿ ಮುಂದೆ ಸಾಗುತ್ತಾರೆ. ಪೀಠೋಪಕರಣಗಳ ಮೇಲೆ ಅಂದಕ್ಕಾಗಿ ಅಂಟಿಸುವ ತೆಳು ಹಾಳೆಗಾಗಿ ಗಂಟುಗಂಟಾದ ದಿಮ್ಮಿಗಳು ತೊಗಟೆಯೊಡನೆ ಹಡಗು ಹತ್ತಿದವು. ತೊಗಟೆಯಲ್ಲಿ ಶಿಲೀಂಧ್ರವಿತ್ತು, ಜೀರುಂಡೆಯಿತ್ತು. ಬಂದರಿನಿಂದ ಕಾರ್ಖಾನೆಗೆ ಹೋಗುವ ರೈಲುಹಾದಿಯ ಉದ್ದಕ್ಕೂ ರೋಗ ಇಳಿಯಿತು. ಹಾಗೆಂದು ಆ ದೇಶದಲ್ಲಿ ಎಚ್ಚರಿಕೆಯ ಕಾಯಿದೆಯೇ ಇರಲಿಲ್ಲವೆಂದಲ್ಲ. 1910ರ ಜನವರಿಯಲ್ಲಿ ಟೋಕಿಯೋ ನಗರ ಸ್ನೇಹದ ಕಾಣಿಕೆಯಾಗಿ ಕಳುಹಿಸಿದ ಸುಮಾರು 2,000 ಚೆರಿ ಸಸಿಗಳಲ್ಲಿ ಕೀಟ, ರೋಗಗಳು ಕಂಡುಬಂದುದರಿಂದ ರಾಷ್ಟ್ರಾಧ್ಯಕ್ಷರ ಒಪ್ಪಿಗೆಯೊಡನೆ ಅವುಗಳನ್ನು ವಾಷಿಂಗ್ಟನ್ನಿನಲ್ಲಿ ಸುಡಲಾಗಿತ್ತು. ಜಪಾನೀಯರು ಅದನ್ನು ಅವಮಾನವೆಂದು ಹಿಡಿಯದೆ ಎರಡು ವರ್ಷಗಳ ತರುವಾಯ ಶುದ್ಧವಾದ 3,020 ಸಸಿಗಳನ್ನು ಮತ್ತೆ ಕಳುಹಿಸಿದರು. 1912ರಲ್ಲಿ ಸಸ್ಯ ದಿಗ್ಬಂಧನದ ಕಾಯಿದೆಯೂ ಆಯಿತು. ಸಸಿಗಳ ಮೇಲೆ ಕಣ್ಣಿಟ್ಟ ಆ ವ್ಯವಸ್ಥೆ ಕಡಿದ ದಿಮ್ಮಿಯನ್ನು ಸತ್ತ ವಸ್ತುವೆಂದು ಬಗೆಯಿತು. ಎಲ್ಮ್ ದಿಮ್ಮಿಗಳ ಆಮದಿಗೆ ತಡೆ ಬಂದದ್ದು 1933ರಲ್ಲಿ. ಅಷ್ಟರಲ್ಲಿ ರೋಗ ಊರೊಳಗೆ ಬಂದಾಗಿತ್ತು. ವಿನೀರ್ ಮಾರಿದ ಲಾಭ ಕೆಲವರ ಖಾತೆಗೆ ಹೋಯಿತು. ಕಡಿದ ಮರ, ಸಿಂಪಡಿಸಿದ ವಿಷ, ಸತ್ತ ಹಕ್ಕಿ ಇವುಗಳ ಖರ್ಚನ್ನು ಊರುಗಳು ಹೊತ್ತವು. ಕೀಟನಾಶಕದ ತಯಾರಕರನ್ನು ಅಷ್ಟು ನಿಷ್ಠುರವಾಗಿ ವಿಚಾರಿಸಿದ ಲೇಖನಿ ಆಮದುದಾರನನ್ನು ಒಂದು ವಾಕ್ಯದಲ್ಲಿ ಬಿಟ್ಟುಕೊಟ್ಟದ್ದು ಆಶ್ಚರ್ಯವೇ.

ಅದೇ ದಿಮ್ಮಿ ತಿರುಗಿ ಪ್ರಯಾಣ ಮಾಡಿದ್ದು ಮುಂದಿನ ಕಥೆ. ಬ್ರಿಟನ್ನಿನ ಅರಣ್ಯ ಆಯೋಗದ ರೋಗತಜ್ಞ ಟಾಮ್ ಪೀಸ್ 1960ರಲ್ಲಿ, ರೋಗ ತನ್ನ ಈಗಿನ ನಡತೆಯನ್ನು ಪೂರ್ತಿ ಬದಲಿಸದ ಹೊರತು ಹಿಂದೆ ಭಯಪಟ್ಟಂತಹ ಅನಾಹುತ ಆಗದು ಎಂಬ ಅಭಿಪ್ರಾಯ ಬರೆದಿದ್ದರು. ಅವರ ಕಣ್ಣೆದುರಿನ ಸಾಕ್ಷ್ಯಕ್ಕೆ ಅದು ತಪ್ಪಾಗಿರಲಿಲ್ಲ. 'ಹೊರತು' ಎಂಬ ಪದವನ್ನು ಓದಿದವರು ಗಮನಿಸಲಿಲ್ಲವಷ್ಟೆ. 1960ರ ದಶಕದಲ್ಲಿ ಉತ್ತರ ಅಮೆರಿಕದಿಂದ ತೊಗಟೆಯುಳ್ಳ ರಾಕ್ ಎಲ್ಮ್ ದಿಮ್ಮಿಗಳು ಬ್ರಿಟಿಷ್ ಬಂದರುಗಳಿಗೆ ಬಂದವು. ಅವುಗಳಲ್ಲಿ ಇದ್ದದ್ದು ಹಳೆಯ ಸೌಮ್ಯ ಶಿಲೀಂಧ್ರವಲ್ಲ, ಅದರ ಉಗ್ರ ದಾಯಾದಿ. ಕ್ಲೈವ್ ಬ್ರೇಜಿಯರ್ ಮತ್ತು ಜಾನ್ ಗಿಬ್ಸ್ 1973ರಲ್ಲಿ ಇದರ ಜಾಡನ್ನು ಪ್ರಕಟಿಸಿದರು. 1991ರಲ್ಲಿ ಬ್ರೇಜಿಯರ್ ಅದನ್ನು ಬೇರೆಯೇ ಪ್ರಭೇದವೆಂದು ಹೆಸರಿಸಿದರು. ಬ್ರಿಟನ್ನಿನಲ್ಲಿ ಸತ್ತ ಎಲ್ಮ್‌ಗಳು 2.5 ಕೋಟಿಗೂ ಹೆಚ್ಚು. ಭೀತಿ ಹುಟ್ಟಿಸುವ ವಿಜ್ಞಾನವನ್ನು ಜನ ಪರೀಕ್ಷಿಸುತ್ತಾರೆ. ಸಮಾಧಾನ ಹೇಳುವ ವಿಜ್ಞಾನವನ್ನು ಪರೀಕ್ಷಿಸುವವರು ವಿರಳ.

ಇಂದು ರಫ್ತಿನ ವ್ಯವಹಾರದಲ್ಲಿರುವ ವರ್ತಕರಿಗೆ ಮರದ ಪೆಟ್ಟಿಗೆ, ಪ್ಯಾಲೆಟ್‌ಗಳ ಮೇಲೆ ಒತ್ತಿದ ಒಂದು ಮುದ್ರೆ ಪರಿಚಿತ. 2002ರಲ್ಲಿ ಅಂಗೀಕೃತವಾದ ಅಂತರರಾಷ್ಟ್ರೀಯ ನಿಯಮದಂತೆ ತೊಗಟೆ ಕಳಚಿದ ಮರವನ್ನು ಅದರ ತಿರುಳು 56 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 30 ನಿಮಿಷ ಇರುವಂತೆ ಕಾಯಿಸುವುದು ಅಂಗೀಕೃತ ಉಪಚಾರಗಳಲ್ಲಿ ಒಂದು. ಮುದ್ರೆ ಅದಕ್ಕೆ ಸಾಕ್ಷಿ. ಹೆಚ್ಚಿನ ಅಂಗಡಿಗಳಲ್ಲಿ ಅದನ್ನು ಕಾಗದಪತ್ರದ ಒಂದು ಕಿರುಕುಳವೆಂದು ಭಾವಿಸುವುದುಂಟು. ಶಾಖ ಕೊಡದೆ ಮುದ್ರೆಯನ್ನು ಮಾತ್ರ ಒತ್ತಿಸಿಕೊಂಡರೆ ಉಳಿಯುವ ಹಣ ಅಲ್ಪ, ಸಿಕ್ಕಿಬೀಳುವ ಸಂಭವವೂ ಅಲ್ಪ. 'ಸೈಲೆಂಟ್ ಸ್ಪ್ರಿಂಗ್' ಗ್ರಂಥದಲ್ಲಿ ಇಲ್ಲದ ಅಧ್ಯಾಯ ಇದು. ಎಂಟನೆಯ ಅಧ್ಯಾಯವನ್ನು ಓದುವವರು ದಿಮ್ಮಿಯ ಆ ಒಂದು ವಾಕ್ಯದ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು.

ಬ್ರೈಟನ್ ನಗರದ ಪ್ರೆಸ್ಟನ್ ಉದ್ಯಾನದಲ್ಲಿ ಸುಮಾರು 400 ವರ್ಷಗಳದೆಂದು ಎಣಿಸಲಾದ ಎರಡು ಎಲ್ಮ್‌ಗಳು ಜೋಡಿಯಾಗಿ ನಿಂತಿದ್ದವು; ಜನ ಅವುಗಳನ್ನು ಅವಳಿಗಳೆಂದು ಕರೆಯುತ್ತಿದ್ದರು. 2019ರಲ್ಲಿ ಒಂದಕ್ಕೆ ರೋಗ ತಗುಲಿತು. ಇನ್ನೊಂದನ್ನು ಉಳಿಸುವ ಸಲುವಾಗಿ ನಗರಸಭೆ ಅದನ್ನು ಕಡಿಸಿತು.